ಮೊದಲು ಯಾವುದನ್ನು ಓದಬೇಕು?

(ಫ್ಯಾಂಟಸಿ ಓದುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಗೆಳೆಯರೇ,

ಫ್ಯಾಂಟಸಿ ಓದುವವರು ನನ್ನನ್ನು ಕೇಳುವುದು ಹೆಚ್ಚಾಗಿ ಎರಡೇ ಪ್ರಶ್ನೆ. ಹೊಸ ಲೇಖಕರನ್ನು ಹುಡುಕಿಕೊಳ್ಳುವುದು ಹೇಗೆ? ಸಿಕ್ಕ ಮೇಲೆ ಅವರ ಹತ್ತು ಹದಿನೈದು ಪುಸ್ತಕಗಳಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳುವುದು? ನಾನು ಎರಡನೆಯದರಿಂದ ಶುರು ಮಾಡುತ್ತೇನೆ. ಓದಿನ ಕ್ರಮ ಎಂದರೆ ನಿಜವಾಗಿ ಏನು ಎಂಬುದು ತಿಳಿದರೆ, ಅಪರಿಚಿತ ಲೇಖಕರ ಬಳಿಗೆ ಹೋಗುವ ದಾರಿಯೂ ಅರ್ಧ ತಿಳಿದಂತೆ.

ನನಗೆ ಆಗ ಹದಿನಾರು ವರ್ಷ. ಗ್ರಂಥಾಲಯದ ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದುಕೊಂಡು ಬಂದೆ. ಬೆನ್ನಿನ ಮೇಲೆ ಸಂಖ್ಯೆ ಇರಲಿಲ್ಲ. ಮೂರು ದಿನ ಊಟ ನಿದ್ದೆ ಮರೆತು ಓದಿದೆ. ಕೊನೆಯ ಪುಟ ತಿರುಗಿಸಿದಾಗ ಅದು ಸರಣಿಯೊಂದರ ಮೂರನೆಯ ಸಂಪುಟ ಎಂದು ಗೊತ್ತಾಯಿತು. ಮೊದಲೆರಡನ್ನು ಹುಡುಕಿ ತಂದು ಓದಿದೆ. ಮೊದಲ ಸಂಪುಟದಲ್ಲಿ ಒಬ್ಬ ಮನುಷ್ಯನಿದ್ದ, ಮಾತುಮಾತಿಗೂ ಎಲ್ಲರನ್ನೂ ನಗಿಸುವವನು. ಅವನು ಎಲ್ಲಿ, ಯಾರ ಕೈಯಲ್ಲಿ ಸಾಯುತ್ತಾನೆ ಎಂಬುದು ನನಗೆ ಆಗಲೇ ಗೊತ್ತಿತ್ತು. ಅವನು ನಗಿಸಿದಾಗಲೆಲ್ಲ ನನಗೆ ನಗು ಬರಲಿಲ್ಲ. ಮುಂದೆ ಆ ಸರಣಿಯನ್ನು ಎಷ್ಟು ಸಲ ಓದಿದರೂ ಕಳೆದುಕೊಂಡದ್ದು ಮರಳಿ ಬರಲಿಲ್ಲ. ಒಂದು ಪುಸ್ತಕವನ್ನು ಏನೂ ತಿಳಿಯದೆ ಓದುವ ಅವಕಾಶ ಒಂದೇ ಸಲ ಸಿಗುತ್ತದೆ. ಈ ವಿಷಯದಲ್ಲಿ ನಾನು ಇಷ್ಟು ತಲೆ ಕೆಡಿಸಿಕೊಳ್ಳುವುದು ಅದಕ್ಕೇ.

ಕ್ರಮದ ಪ್ರಶ್ನೆ ಬಂದಾಗ ಹೆಚ್ಚಿನವರು ಎರಡು ಪಕ್ಷವಾಗುತ್ತಾರೆ. ಪುಸ್ತಕಗಳು ಪ್ರಕಟವಾದ ಕ್ರಮದಲ್ಲೇ ಓದಬೇಕು ಎಂಬುದು ಒಂದು. ಕಥೆಯೊಳಗಿನ ಕಾಲಾನುಕ್ರಮದಲ್ಲಿ, ಅಂದರೆ ಆ ಲೋಕದಲ್ಲಿ ಮೊದಲು ನಡೆದದ್ದನ್ನು ಮೊದಲು ಓದಬೇಕು ಎಂಬುದು ಇನ್ನೊಂದು. ಎರಡನೆಯದು ಮೇಲುನೋಟಕ್ಕೆ ಸಹಜವಾಗಿ ಕಾಣುತ್ತದೆ. ಆದರೆ ಕಥೆ ಹೇಳುವುದರಲ್ಲಿ ಪಳಗಿದವರು ಹಾಗೆ ಹೇಳಿದ್ದು ಕಡಿಮೆ. ಮಹಾಭಾರತವನ್ನೇ ನೋಡಿ. ಅದು ಶಂತನುವಿನಿಂದ ಆರಂಭವಾಗುವುದಿಲ್ಲ. ನೈಮಿಷಾರಣ್ಯದಲ್ಲಿ ಸೂತನು ಋಷಿಗಳಿಗೆ ಕಥೆ ಹೇಳುತ್ತಾನೆ. ಅವನು ಹೇಳುವುದು ಜನಮೇಜಯನ ಸರ್ಪಯಾಗದಲ್ಲಿ ವೈಶಂಪಾಯನ ಹೇಳಿದ ಕಥೆಯನ್ನು. ಯುದ್ಧ ಮುಗಿದು ತಲೆಮಾರುಗಳು ಕಳೆದಿವೆ, ಮೊಮ್ಮಗನ ಮಗ ಕುಳಿತು ಕೇಳುತ್ತಿದ್ದಾನೆ ಎಂಬುದು ನಮಗೆ ಮೊದಲೇ ತಿಳಿದಿರುತ್ತದೆ. ಆ ತಿಳಿವಳಿಕೆಯೊಂದಿಗೇ ನಾವು ಕುರುಕ್ಷೇತ್ರಕ್ಕೆ ಹೋಗುತ್ತೇವೆ. ಘಟನೆಗಳನ್ನು ವರ್ಷದ ಪ್ರಕಾರ ಜೋಡಿಸಿ ಬರೆದರೆ ಅದು ವಂಶಾವಳಿಯಾಗುತ್ತದೆ, ಮಹಾಭಾರತವಾಗುವುದಿಲ್ಲ.

ಹಾಗಾಗಿ ನಾನು ಕೇಳುವ ಪ್ರಶ್ನೆ ಬೇರೆ. ಈ ಪುಟವನ್ನು ತೆರೆಯುವಾಗ ಓದುಗರಿಗೆ ಏನು ಗೊತ್ತಿರುತ್ತದೆ, ಏನು ಗೊತ್ತಿರುವುದಿಲ್ಲ ಎಂದುಕೊಂಡು ಲೇಖಕರು ಇದನ್ನು ಬರೆದರು?

ಇದಕ್ಕೆ ಬಹಳ ಒಳ್ಳೆಯ ಉದಾಹರಣೆ ಸಿ. ಎಸ್. ಲೂಯಿಸ್ ಅವರ ನಾರ್ನಿಯಾ. ಏಳು ಪುಸ್ತಕಗಳು, 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಬಂದವು. ಮೊದಲು ಬಂದದ್ದು 'ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್'. ನಾರ್ನಿಯಾ ಹುಟ್ಟಿದ ಕಥೆಯನ್ನು ಹೇಳುವ 'ದಿ ಮೆಜಿಶಿಯನ್ಸ್ ನೆಫ್ಯೂ' ಬಂದದ್ದು ಆರನೆಯದಾಗಿ, 1955ರಲ್ಲಿ. 1994ರಲ್ಲಿ ಅಮೆರಿಕದ ಆವೃತ್ತಿಗಳಿಗೂ ಹೊಸ ಸಂಖ್ಯೆ ಕೊಟ್ಟು ಆರನೆಯದನ್ನು ಒಂದನೆಯದಾಗಿ ಮಾಡಿದರು. ಇಂದು ಪೆಟ್ಟಿಗೆಯಲ್ಲಿ ಏಳನ್ನೂ ಒಟ್ಟಿಗೆ ಕೊಳ್ಳುವ ಮಗು ಆ ಸಂಖ್ಯೆಯನ್ನು ನಂಬಿ ಅದರಿಂದಲೇ ಓದತೊಡಗುತ್ತದೆ.

ಆಗ ಏನಾಗುತ್ತದೆ ಎಂದು ನೋಡೋಣ. ಲೂಸಿ ಎಂಬ ಹುಡುಗಿ ಬಟ್ಟೆಯ ಬೀರುವಿನೊಳಗೆ ನುಗ್ಗುತ್ತಾಳೆ, ಕೋಟುಗಳ ನಡುವೆ ನಡೆಯುತ್ತಾಳೆ, ಕಾಲ ಕೆಳಗೆ ಹಿಮ ತಾಗುತ್ತದೆ. ಎದುರಿಗೆ ದಟ್ಟ ಕಾಡು. ಆ ಕಾಡಿನ ನಡುವೆ ಒಂದು ಬೀದಿ ದೀಪದ ಕಂಬ ಉರಿಯುತ್ತಾ ನಿಂತಿದೆ. ಯಾಕೆ ನಿಂತಿದೆ? ಯಾರು ನೆಟ್ಟರು? ಯಾರೂ ಹೇಳುವುದಿಲ್ಲ. ನಾನು ಓದಿದ ಫ್ಯಾಂಟಸಿಯಲ್ಲೆಲ್ಲ ಆ ದೀಪದಷ್ಟು ಬೆರಗು ಹುಟ್ಟಿಸಿದ ಚಿತ್ರಗಳು ಕೆಲವೇ. ಆರನೆಯ ಪುಸ್ತಕದಲ್ಲಿ ಆ ಕಂಬ ಎಲ್ಲಿಂದ ಬಂತು ಎಂದು ತಿಳಿದಾಗ, ಐದು ಪುಸ್ತಕಗಳಿಂದ ಮನಸ್ಸಿನಲ್ಲಿ ಉರಿಯುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕ ಸಂತೋಷ. ಉತ್ತರವನ್ನು ಮೊದಲೇ ಓದಿದ ಮಗುವಿಗೆ ಕಾಡಿನಲ್ಲಿರುವುದು ಬರೀ ಒಂದು ಕಂಬ.

ಇನ್ನೂ ಗಟ್ಟಿಯಾದ ಸಾಕ್ಷಿಯಿದೆ. ಅದೇ ಮೊದಲ ಪುಸ್ತಕದಲ್ಲಿ ಆಸ್ಲನ್ ಎಂಬ ಹೆಸರು ಕೇಳಿಬಂದಾಗ ನಿರೂಪಕ ನೇರವಾಗಿ ನಮ್ಮ ಕಡೆ ತಿರುಗಿ, ಆಸ್ಲನ್ ಯಾರೆಂದು ನಿಮಗೆ ಹೇಗೆ ಗೊತ್ತಿಲ್ಲವೋ ಹಾಗೆಯೇ ಆ ಮಕ್ಕಳಿಗೂ ಗೊತ್ತಿರಲಿಲ್ಲ ಎಂಬರ್ಥದ ಮಾತು ಹೇಳುತ್ತಾನೆ. ಹೊಸ ಸಂಖ್ಯೆಯ ಪ್ರಕಾರ ಓದಿ ಬಂದವರಿಗೆ ಆಸ್ಲನ್ ಚೆನ್ನಾಗಿಯೇ ಗೊತ್ತು. ಅವರ ಪಾಲಿಗೆ ಆ ವಾಕ್ಯವೇ ತಪ್ಪಾಗಿಬಿಡುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. 1957ರಲ್ಲಿ ಅಮೆರಿಕದ ಒಬ್ಬ ಹುಡುಗ ಇದೇ ಪ್ರಶ್ನೆಯನ್ನು ಲೂಯಿಸ್ ಅವರಿಗೇ ಬರೆದು ಕೇಳಿದ. ಅವನದು ಕಾಲಾನುಕ್ರಮದ ಪಕ್ಷ, ಅವನ ತಾಯಿಯದು ಪ್ರಕಟಣೆಯ ಕ್ರಮದ ಪಕ್ಷ. ಲೂಯಿಸ್ ಹುಡುಗನ ಕಡೆಗೇ ವಾಲಿದರು. ಸರಣಿಯನ್ನು ತಾವು ಮೊದಲೇ ಯೋಜಿಸಿ ಬರೆಯಲಿಲ್ಲ, ಯಾವ ಕ್ರಮದಲ್ಲಿ ಓದಿದರೂ ಅಷ್ಟೇನೂ ವ್ಯತ್ಯಾಸವಾಗಲಿಕ್ಕಿಲ್ಲ ಎಂದೂ ಸೇರಿಸಿದರು. ಲೂಯಿಸ್ ಅವರ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಈ ವಿಷಯದಲ್ಲಿ ನಾನು ಆ ತಾಯಿಯ ಕಡೆ. 1957ರಲ್ಲಿ ಪತ್ರ ಬರೆದ ಲೂಯಿಸ್ ಅವರಿಗಿಂತ, ಮೊದಲ ಪುಸ್ತಕದಲ್ಲಿ ಆ ವಾಕ್ಯವನ್ನು ಬರೆದ ಲೂಯಿಸ್ ಅವರನ್ನು ನಾನು ಹೆಚ್ಚು ನಂಬುತ್ತೇನೆ.

ಹಾಗಾದರೆ ಪ್ರಕಟಣೆಯ ಕ್ರಮವೇ ಎಲ್ಲ ಕಡೆಯೂ ಸರಿಯೇ? ಬಹುಪಾಲು ಸರಿ. ಐದನೆಯ ಪುಸ್ತಕ ಬರೆಯುವಾಗ ಲೇಖಕರ ಎದುರಿಗೆ ಇದ್ದದ್ದು ಮೊದಲ ನಾಲ್ಕನ್ನು ಓದಿದ ಓದುಗರು. ಪೂರ್ವಕಥೆಗಳ ವಿಷಯದಲ್ಲಂತೂ ಇದನ್ನು ಮರೆಯಲೇಬಾರದು. ರಾಬರ್ಟ್ ಜಾರ್ಡನ್ ಅವರ 'ದಿ ವೀಲ್ ಆಫ್ ಟೈಮ್' 1990ರಲ್ಲಿ ಶುರುವಾಯಿತು. 2007ರಲ್ಲಿ ಜಾರ್ಡನ್ ತೀರಿಕೊಂಡ ಮೇಲೆ ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಆಧರಿಸಿ ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಸಂಪುಟಗಳನ್ನು ಬರೆದು 2013ರಲ್ಲಿ ಮುಗಿಸಿದರು. ಒಟ್ಟು ಹದಿನಾಲ್ಕು. ಇವುಗಳ ಜೊತೆ 'ನ್ಯೂ ಸ್ಪ್ರಿಂಗ್' ಎಂಬ ಪೂರ್ವಕಥೆಯೊಂದಿದೆ, ಪುಸ್ತಕವಾಗಿ ಬಂದದ್ದು 2004ರಲ್ಲಿ, ಹತ್ತನೆಯ ಸಂಪುಟದ ನಂತರ. ಕಥೆಯ ಕಾಲಕ್ಕೆ ಅದು ಎಲ್ಲಕ್ಕಿಂತ ಮೊದಲಿನದು, ತೆಳ್ಳಗೂ ಇದೆ. ಹಾಗಾಗಿ ಅದರಿಂದಲೇ ಶುರು ಮಾಡುವ ಆಸೆ ಸಹಜ. ಆದರೆ ಅದರಲ್ಲಿ ಬರುವ ಮೊಯಿರೇನ್ ಮತ್ತು ಲ್ಯಾನ್ ಮೊದಲ ಸಂಪುಟದಲ್ಲಿ ನಮ್ಮ ಎದುರಿಗೆ ಬರುವುದು ಗುಟ್ಟು ಬಿಟ್ಟುಕೊಡದ ಅಪರಿಚಿತರಾಗಿ. ಇವರನ್ನು ನಂಬಬಹುದೇ ಎಂದು ಹಳ್ಳಿಯ ಹುಡುಗರ ಜೊತೆ ನಾವೂ ಅನುಮಾನಿಸಬೇಕು. ಪೂರ್ವಕಥೆ ಓದಿ ಬಂದವರಿಗೆ ಆ ಅನುಮಾನವೇ ಉಳಿದಿರುವುದಿಲ್ಲ.

ಈಗ ಪ್ರಕಟಣೆಯ ಕ್ರಮವನ್ನು ಬಿಡಬೇಕಾದ ಸಂದರ್ಭಗಳಿಗೆ ಬರುತ್ತೇನೆ. ಟೆರಿ ಪ್ರಾಚೆಟ್ ಅವರ ಡಿಸ್ಕ್‌ವರ್ಲ್ಡ್‌ನಲ್ಲಿ 41 ಕಾದಂಬರಿಗಳಿವೆ, 1983ರಿಂದ 2015ರವರೆಗೆ. ಮೊದಲನೆಯದರಿಂದ ಶುರು ಮಾಡಿ, ಎರಡನೆಯದರ ನಡುವೆ ಕೈಬಿಟ್ಟು, ಪ್ರಾಚೆಟ್ ನಮಗಲ್ಲ ಎಂದು ತೀರ್ಮಾನಿಸಿದವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಪ್ರತಿ ಸಲವೂ ಬೇಸರವಾಗಿದೆ. ಆ ಮೊದಲ ಎರಡು ಪುಸ್ತಕಗಳು ಅಂದಿನ ಫ್ಯಾಂಟಸಿಯನ್ನು ಅಣಕಿಸುವ ಬರಹಗಳು. ಅಣಕವಾಗುತ್ತಿರುವ ಪುಸ್ತಕಗಳನ್ನು ಓದದವರಿಗೆ ಅರ್ಧ ನಗು ತಲುಪುವುದೇ ಇಲ್ಲ. ಮನುಷ್ಯರ ಬಗ್ಗೆ ಅಷ್ಟು ಕೋಪ, ಅಷ್ಟು ಮಮತೆ ಎರಡನ್ನೂ ಇಟ್ಟುಕೊಂಡಿದ್ದ ಪ್ರಾಚೆಟ್ ಅಲ್ಲಿ ಇನ್ನೂ ಪೂರ್ತಿ ಬಂದಿಲ್ಲ. ಅದೃಷ್ಟವಶಾತ್ ಇದು ಒಂದೇ ದಾರದ ಸರಣಿಯಲ್ಲ, ಹಲವು ಎಳೆಗಳ ಹುರಿ. ನಗರದ ಕಾವಲುಗಾರರ ಎಳೆ 1989ರ 'ಗಾರ್ಡ್ಸ್! ಗಾರ್ಡ್ಸ್!' ಕಾದಂಬರಿಯಿಂದ ಶುರುವಾಗುತ್ತದೆ, ಒಟ್ಟು ಲೆಕ್ಕದಲ್ಲಿ ಅದು ಎಂಟನೆಯದು. ಯಾವ ಎಳೆಗೂ ಸೇರದೆ ಒಂಟಿಯಾಗಿ ನಿಲ್ಲುವುದು 1992ರ 'ಸ್ಮಾಲ್ ಗಾಡ್ಸ್'. ನಾನು ಈ ಎರಡರಲ್ಲಿ ಒಂದನ್ನು ಕೈಗಿಡುತ್ತೇನೆ. ಒಂದು ಎಳೆ ಹಿಡಿದ ಮೇಲೆ ಅದರೊಳಗೆ ಮಾತ್ರ ಪ್ರಕಟಣೆಯ ಕ್ರಮ ಬಿಡಬೇಡಿ. ಹಾಗೆಯೇ, ಅವರು ತೀರಿಕೊಂಡ ಮೇಲೆ ಹೊರಬಂದ 'ದಿ ಶೆಫರ್ಡ್ಸ್ ಕ್ರೌನ್' ಕಾದಂಬರಿಯನ್ನು ಕೊನೆಗೇ ಇಟ್ಟುಕೊಳ್ಳಿ.

ಅನುವಾದದಲ್ಲಿ ಓದುವವರು ಇನ್ನೊಂದು ವಿಷಯ ಗಮನಿಸಬೇಕು. ಪೋಲಿಷ್ ಲೇಖಕ ಆಂಜೆಯ್ ಸಪ್ಕೋವ್‌ಸ್ಕಿ ಅವರ 'ದಿ ವಿಚರ್' ಕಥೆಗಳಲ್ಲಿ ಮೊದಲು ಎರಡು ಸಣ್ಣಕಥಾ ಸಂಕಲನಗಳು, ಆಮೇಲೆ ಐದು ಕಾದಂಬರಿಗಳು. ಇಂಗ್ಲಿಷಿಗೆ 2007ರಲ್ಲಿ ಒಂದು ಸಂಕಲನ ಬಂತು. 2008ರಲ್ಲಿ ನೇರವಾಗಿ ಮೊದಲ ಕಾದಂಬರಿಯೇ ಬಂದುಬಿಟ್ಟಿತು. ಇನ್ನೊಂದು ಸಂಕಲನ ಬರುವಾಗ 2015. ಬೇಟೆಗಾರ ಗೆರಾಲ್ಟ್ ಮತ್ತು ಸಿರಿ ಎಂಬ ಹುಡುಗಿ ಮೊದಲ ಬಾರಿಗೆ ಭೇಟಿಯಾಗುವುದು ಆ ತಡವಾಗಿ ಬಂದ ಸಂಕಲನದಲ್ಲಿ. ಐದು ಕಾದಂಬರಿಗಳೂ ನಿಂತಿರುವುದು ಆ ಭೇಟಿಯ ಮೇಲೆ. ಇಂಗ್ಲಿಷ್ ಓದುಗರು ಏಳು ವರ್ಷ ಆ ಬಂಧದ ಬೇರನ್ನು ಕಾಣದೆಯೇ ಅದರ ನೆರಳಿನಲ್ಲಿ ಓದಿದರು. ಆದ್ದರಿಂದ ಅನುವಾದವಾದರೆ ಮೂಲ ಭಾಷೆಯಲ್ಲಿ ಯಾವುದು ಯಾವಾಗ ಬಂತು ಎಂದು ಒಮ್ಮೆ ನೋಡಿಕೊಳ್ಳಿ. ಎರಡು ನಿಮಿಷದ ಕೆಲಸ.

ರಾಬಿನ್ ಹಾಬ್ ಅವರ ವಿಷಯದಲ್ಲಿ ತಪ್ಪಾಗುವುದು ಪ್ರೀತಿಯಿಂದ. ಒಂದೇ ಲೋಕದಲ್ಲಿ ನಡೆಯುವ ಹದಿನಾರು ಕಾದಂಬರಿಗಳು, ಐದು ಗುಂಪುಗಳಲ್ಲಿ, 1995ರಿಂದ 2017ರವರೆಗೆ. ಮೊದಲ ಗುಂಪಿನ ಮೂರರಲ್ಲಿ ಫಿಟ್ಜ್ ಎಂಬ ಹುಡುಗ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಎರಡನೆಯ ಗುಂಪಿಗೆ ಹೋದರೆ ಅವನಿಲ್ಲ. ಬೇರೆ ಕರಾವಳಿ, ಬೇರೆ ಜನ, ಮಾತನಾಡುವ ಹಡಗುಗಳು. ಅವನನ್ನು ಬಿಟ್ಟಿರಲಾರದೆ ಎಷ್ಟೋ ಜನ ನೇರವಾಗಿ ಮೂರನೆಯ ಗುಂಪಿಗೆ ಜಿಗಿಯುತ್ತಾರೆ. ದಯವಿಟ್ಟು ಜಿಗಿಯಬೇಡಿ. ಎರಡನೆಯ ಗುಂಪು ಮೂರು ಪುಸ್ತಕಗಳುದ್ದಕ್ಕೂ ನಿಧಾನವಾಗಿ ಬಿಚ್ಚಿಡುವ ಗುಟ್ಟನ್ನು ಮೂರನೆಯ ಗುಂಪಿನವರು ಎಲ್ಲರಿಗೂ ಗೊತ್ತಿರುವ ಸಂಗತಿಯಂತೆ ಮಾತಿನ ನಡುವೆ ಹೇಳಿಬಿಡುತ್ತಾರೆ. ಮೊದಲ ಹತ್ತಿಪ್ಪತ್ತು ಪುಟ ಫಿಟ್ಜ್‌ನ ನೆನಪು ಕಾಡಬಹುದು. ಆಮೇಲೆ ಆ ಹಡಗುಗಳೇ ನಿಮ್ಮನ್ನು ಬಿಡುವುದಿಲ್ಲ.

ಮುಗಿಯದ ಸರಣಿಗಳ ಬಗ್ಗೆ ಹೆಚ್ಚು ಹೇಳಲಾರೆ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಸರಣಿಯ ಐದನೆಯ ಸಂಪುಟ 2011ರಲ್ಲಿ ಬಂದ ಮೇಲೆ ಓದುಗರು ಒಂದು ದಶಕಕ್ಕೂ ಹೆಚ್ಚು ಕಾದಿದ್ದಾರೆ. ಎಲ್ಲವೂ ಮುಗಿಯಲಿ, ಆಮೇಲೆ ಓದುತ್ತೇನೆ ಎನ್ನುವವರನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ಆ ಸರಣಿಯ ಮೂರನೆಯ ಸಂಪುಟದಂಥ ಪುಸ್ತಕವನ್ನು ಓದದೆ ಇರಲು, ಆರನೆಯದು ಬಂದಿಲ್ಲ ಎಂಬುದು ನನಗೆ ಸಾಕಾಗುವ ಕಾರಣವಲ್ಲ.

ಇನ್ನು ಹೊಸ ಲೇಖಕರ ಮಾತು. ನಿಮಗೆ ಇದು ಇಷ್ಟವಾಗಿದ್ದರೆ ಅದೂ ಇಷ್ಟವಾಗುತ್ತದೆ ಎನ್ನುವ ಪಟ್ಟಿಗಳಿಂದ ನನಗೆ ಆದ ಉಪಯೋಗ ಬಹಳ ಕಡಿಮೆ. ಅವು ಹೊರಗಿನ ಹೋಲಿಕೆ ನೋಡುತ್ತವೆ. ಡ್ರ್ಯಾಗನ್ ಇದ್ದರೆ ಇನ್ನೊಂದು ಡ್ರ್ಯಾಗನ್, ಮಾಂತ್ರಿಕರ ಶಾಲೆ ಇದ್ದರೆ ಇನ್ನೊಂದು ಶಾಲೆ. ನಾನು ಬೇರೆ ದಾರಿ ಹಿಡಿದೆ. ನನಗೆ ಇಷ್ಟವಾದ ಲೇಖಕರು ಯಾರನ್ನು ಓದಿ ಬೆಳೆದರು, ಯಾರ ಜೊತೆ ಕೆಲಸ ಮಾಡಿದರು ಎಂದು ಹುಡುಕುತ್ತೇನೆ. ಟ್ಯಾಡ್ ವಿಲಿಯಮ್ಸ್ ಅವರ 'ಮೆಮೊರಿ, ಸಾರೋ ಅಂಡ್ ಥಾರ್ನ್' ತಮಗೆ ಪ್ರೇರಣೆಯಾಯಿತು ಎಂದು ಮಾರ್ಟಿನ್ ಬಹಿರಂಗವಾಗಿಯೇ ಹೇಳಿದ್ದಾರೆ. ಆ ಎಳೆ ಹಿಡಿದು ನಾನು 1988ರ ಮೊದಲ ಸಂಪುಟಕ್ಕೆ ಹೋದೆ, ಅಲ್ಲಿ ಸಿಕ್ಕಿದ್ದು ತಿಂಗಳುಗಟ್ಟಲೆ ಓದು. ಟೋಲ್ಕಿನ್ ಅವರ 'ದಿ ಸಿಲ್ಮರಿಲಿಯನ್' ಅವರ ಮರಣಾನಂತರ, 1977ರಲ್ಲಿ ಬಂತು. ಮಗ ಕ್ರಿಸ್ಟೋಫರ್ ಆ ಹಸ್ತಪ್ರತಿಗಳನ್ನು ಸಂಪಾದಿಸುವಾಗ ಕೆನಡಾದ ಒಬ್ಬ ಯುವಕ ಜೊತೆಗಿದ್ದು ಸಹಾಯ ಮಾಡಿದ. ಅವನೇ ಗೈ ಗ್ಯಾವ್ರಿಯಲ್ ಕೇ. ಮುಂದೆ ಅವರು ಬರೆದ 'ಟಿಗಾನಾ' 1990ರಲ್ಲಿ ಪ್ರಕಟವಾಯಿತು. ಒಂದು ನಾಡಿನ ಹೆಸರನ್ನೇ ಜನರ ನೆನಪಿನಿಂದ ಅಳಿಸಿಹಾಕಿದ ಕಥೆ ಅದು. ಒಂದೇ ಸಂಪುಟ. ಟೋಲ್ಕಿನ್ ಹೆಸರಿನ ಪಕ್ಕದಲ್ಲಿ ಆ ಯುವಕನ ಹೆಸರು ಕಾಣದೇ ಹೋಗಿದ್ದರೆ ನನಗೆ ಆ ಪುಸ್ತಕ ಸಿಗುತ್ತಲೇ ಇರಲಿಲ್ಲ. ಕೆಲವೊಮ್ಮೆ ಹೊಸ ಲೇಖಕರು ಹಳಬರೇ ಆಗಿರುತ್ತಾರೆ. ರಾಬಿನ್ ಹಾಬ್ ಎಂಬುದು ಕಾವ್ಯನಾಮ, ಅದಕ್ಕೂ ಮೊದಲು ಅವರು ಮೇಗನ್ ಲಿಂಡ್‌ಹೋಮ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು.

ಪ್ರಶಸ್ತಿಗಳನ್ನೂ ನೋಡಿ, ಆದರೆ ಗೆದ್ದವರಿಗಿಂತ ಅಂತಿಮ ಸುತ್ತಿಗೆ ಬಂದವರ ಪಟ್ಟಿಯನ್ನು ಹೆಚ್ಚು ಗಮನದಿಂದ ನೋಡಿ. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ 1975ರಿಂದ ಇದೆ. ಹೊಸ ಬರಹಗಾರರಿಗೇ ಮೀಸಲಾದ ಆಸ್ಟೌಂಡಿಂಗ್ ಪ್ರಶಸ್ತಿ ಬೇರೆ ಹೆಸರಿನಲ್ಲಿ 1973ರಲ್ಲೇ ಶುರುವಾಗಿತ್ತು. 2007ರಲ್ಲಿ ಅದು ನವೋಮಿ ನೋವಿಕ್ ಅವರಿಗೆ ಸಂದಿತು. ಅವರ ಡ್ರ್ಯಾಗನ್ ಸರಣಿಯಲ್ಲಿ ಒಂಬತ್ತು ಪುಸ್ತಕಗಳಿವೆ. ಪರಿಚಯಕ್ಕಾಗಿ ಒಂಬತ್ತನ್ನು ಹೊತ್ತು ತರುವ ಅಗತ್ಯವಿಲ್ಲ, 'ಅಪ್‌ರೂಟೆಡ್' ಎಂಬ ಒಂಟಿ ಕಾದಂಬರಿ ಸಾಕು.

ಇದೇ ನಾನು ಹೇಳಬೇಕೆಂದಿದ್ದ ಮುಖ್ಯ ಮಾತು. ದೊಡ್ಡ ಮನೆಗೆ ಚಿಕ್ಕ ಬಾಗಿಲೊಂದು ಇದ್ದೇ ಇರುತ್ತದೆ, ಅದನ್ನು ಹುಡುಕಿ. ಎನ್. ಕೆ. ಜೆಮಿಸಿನ್ ಅವರ 'ಬ್ರೋಕನ್ ಅರ್ಥ್' ಸರಣಿಯ ಮೂರೂ ಕಾದಂಬರಿಗಳು 2016, 2017, 2018ರಲ್ಲಿ ಸಾಲಾಗಿ ಹ್ಯೂಗೋ ಪ್ರಶಸ್ತಿ ಪಡೆದವು. ಆ ಲೋಕವನ್ನು ಅವರು ಮೊದಲು ಪರೀಕ್ಷಿಸಿ ನೋಡಿದ್ದು 2014ರ 'ಸ್ಟೋನ್ ಹಂಗರ್' ಎಂಬ ಸಣ್ಣಕಥೆಯಲ್ಲಿ. ಒಂದು ಸಂಜೆಯ ಓದು. ಅದು ಹಿಡಿಸಿದರೆ ಕಾದಂಬರಿಗೆ ಹೋಗಿ. ಆದರೆ ಕಾದಂಬರಿಯ ಬಗ್ಗೆ ಹಿಂಬದಿಯ ರಕ್ಷಾಪುಟವನ್ನೂ ಓದಬೇಡಿ. ಅಲ್ಲಿ ಕಥೆ ಹೇಳುವ ಕ್ರಮದಲ್ಲೇ ಒಂದು ಗುಟ್ಟಿದೆ, ಅದು ನಿಮಗೆ ತಾನಾಗಿಯೇ ಸಿಗಬೇಕು.

ಸಂಕಲನಗಳು ಇಂಥ ಬಾಗಿಲುಗಳ ಸಾಲು. 1998ರಲ್ಲಿ ರಾಬರ್ಟ್ ಸಿಲ್ವರ್‌ಬರ್ಗ್ ಸಂಪಾದಿಸಿದ 'ಲೆಜೆಂಡ್ಸ್' ಎಂಬ ಸಂಪುಟದಲ್ಲಿ ಹನ್ನೊಂದು ಲೇಖಕರು ತಮ್ಮ ತಮ್ಮ ಪ್ರಸಿದ್ಧ ಲೋಕಗಳಿಂದ ಒಂದೊಂದು ನೀಳ್ಗತೆ ಕೊಟ್ಟರು. ಪ್ರಾಚೆಟ್, ಜಾರ್ಡನ್, ವಿಲಿಯಮ್ಸ್ ಎಲ್ಲರೂ ಅಲ್ಲಿದ್ದಾರೆ. ಮಾರ್ಟಿನ್ ಅವರ 'ದಿ ಹೆಡ್ಜ್ ನೈಟ್' ಮೊದಲು ಬಂದದ್ದು ಅದರಲ್ಲೇ. ದೊಡ್ಡ ಸರಣಿಗಿಂತ ಸುಮಾರು 90 ವರ್ಷ ಹಿಂದೆ ನಡೆಯುವ, ಬಡ ಯೋಧನೊಬ್ಬನ ಸರಳ ಕಥೆ. ಪೂರ್ವಕಥೆಯನ್ನು ಮೊದಲು ಓದಬೇಡಿ ಎಂದೆನಲ್ಲ, ಇದು ಅದಕ್ಕೆ ಹೊರತು. ಯಾಕೆಂದರೆ ಇದು ಮುಖ್ಯ ಕಥೆಯ ಯಾವ ಗುಟ್ಟನ್ನೂ ಮುಟ್ಟುವುದಿಲ್ಲ. ಅದೇ ಸಂಪುಟದಲ್ಲಿರುವ ಉರ್ಸುಲಾ ಲೆ ಗ್ವಿನ್ ಅವರ 'ಡ್ರ್ಯಾಗನ್‌ಫ್ಲೈ' ಹಾಗಲ್ಲ. ಅದು ಅವರ ಅರ್ತ್‌ಸೀ ಸರಣಿಯ ನಾಲ್ಕನೆಯ ಪುಸ್ತಕದಿಂದ ಕೊನೆಯ ಪುಸ್ತಕಕ್ಕೆ ಕಟ್ಟಿದ ಸೇತುವೆ. ಮುಂದೆ ಅದು 2001ರಲ್ಲಿ 'ಟೇಲ್ಸ್ ಫ್ರಮ್ ಅರ್ತ್‌ಸೀ' ಸಂಕಲನದ ಕೊನೆಯ ಕಥೆಯಾಯಿತು. ಬಿಡಿಕಥೆಗಳಲ್ಲವೇ, ಓದದಿದ್ದರೆ ನಡೆಯುತ್ತದೆ ಎಂದು ಆ ಸಂಕಲನವನ್ನು ಬಿಟ್ಟವರು ಅದೇ ವರ್ಷ ಬಂದ ಕೊನೆಯ ಕಾದಂಬರಿಯಲ್ಲಿ ದಾರಿ ತಪ್ಪುತ್ತಾರೆ.

ಅರ್ತ್‌ಸೀ ಬಗ್ಗೆ ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಮೊದಲ ಮೂರು ಪುಸ್ತಕಗಳು ಬಂದದ್ದು 1968, 1971, 1972ರಲ್ಲಿ. ನಾಲ್ಕನೆಯದು, 'ತೆಹಾನು', 1990ರಲ್ಲಿ. ಹದಿನೆಂಟು ವರ್ಷಗಳ ಅಂತರ. ನಾನು ಇಪ್ಪತ್ತರ ಹರೆಯದಲ್ಲಿ ಮೂರನ್ನು ಒಂದೇ ವಾರದಲ್ಲಿ ಮುಗಿಸಿ ಮರುದಿನವೇ ನಾಲ್ಕನೆಯದನ್ನು ತೆರೆದೆ. ಮಂತ್ರವಿಲ್ಲ, ಸಮುದ್ರಯಾನವಿಲ್ಲ. ಎರಡನೆಯ ಪುಸ್ತಕದಲ್ಲಿ ಹುಡುಗಿಯಾಗಿದ್ದ ತೆನಾರ್ ಈಗ ನಡುವಯಸ್ಸಿನ ವಿಧವೆ. ಮೈ ಸುಟ್ಟ ಒಂದು ಮಗುವನ್ನು ಸಾಕುತ್ತಾಳೆ, ಅಡುಗೆ ಮಾಡುತ್ತಾಳೆ, ಮೇಕೆಗಳನ್ನು ನೋಡಿಕೊಳ್ಳುತ್ತಾಳೆ. ನನಗೆ ಸಿಟ್ಟು ಬಂತು. ಅರ್ಧಕ್ಕೇ ಮುಚ್ಚಿಟ್ಟೆ. ನಾನು ಓದಿದ್ದು ಪ್ರಕಟಣೆಯ ಕ್ರಮದಲ್ಲೇ, ಅದರಲ್ಲಿ ತಪ್ಪಿರಲಿಲ್ಲ. ಆದರೆ ಮೂರನೆಯ ಪುಸ್ತಕಕ್ಕೂ ನಾಲ್ಕನೆಯದಕ್ಕೂ ನಡುವೆ ಲೆ ಗ್ವಿನ್ ಹದಿನೆಂಟು ವರ್ಷ ಬದುಕಿದ್ದರು. ಹೆಂಗಸರಿಗೆ ಅಲ್ಪ ಮಂತ್ರವಿದ್ಯೆ ಮಾತ್ರ ಎಂದು ಒಪ್ಪಿಕೊಂಡಿದ್ದ ಆ ಲೋಕವನ್ನು ಅದನ್ನು ಕಟ್ಟಿದ ಅವರೇ ಪ್ರಶ್ನಿಸಲು ನಿಂತಿದ್ದರು. ನಾನು ಒಂದು ರಾತ್ರಿಯನ್ನಷ್ಟೇ ಕಳೆದು ಬಂದಿದ್ದೆ.

ನನ್ನ ತಾಯಿಯ ಕೊನೆಯ ದಿನಗಳಲ್ಲಿ, ಅವರ ಹಾಸಿಗೆಯ ಪಕ್ಕ ಕೂರುತ್ತಿದ್ದಾಗ, ಆ ಪುಸ್ತಕವನ್ನು ಮತ್ತೆ ತೆರೆದೆ. ತೆನಾರ್ ಮಗುವಿನ ಸುಟ್ಟ ಕೈಯನ್ನು ಹಿಡಿದುಕೊಂಡಿದ್ದಳು. ಈ ಸಲ ಮುಚ್ಚಲಿಲ್ಲ.